ನಕ್ಷೆಯ ಹಳದಿ, ಬೀದಿಯ ಬದುಕು

ಉಡುಪಿಯ ವಸತಿ ಪ್ರದೇಶವೊಂದರಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರ ಕಟ್ಟುವುದಾಗಿ ಪುರಸಭೆಯಿಂದ ಪರವಾನಗಿ ಪಡೆದ ಕಟ್ಟಡವೊಂದು ಆಮೇಲೆ ಸಿನಿಮಾ ಟಾಕೀಸಾಗಲು ಹೊರಟಿತು. ಪುರಸಭೆ ಆ ಬದಲಾವಣೆಗೂ ನಿರ್ಣಯ ಮಾಡಿ ಒಪ್ಪಿಗೆ ಕೊಟ್ಟಿತು. ಊರಿಗೆ ಆಗಲೇ ಒಂದು ನಗರ ಯೋಜನೆ ಇತ್ತು. ಆ ಜಾಗದಲ್ಲಿ ಟಾಕೀಸಿಗೆ ಯೋಜನೆಯಲ್ಲಿ ಅವಕಾಶವಿರಲಿಲ್ಲ. ಊರಿನವರೊಬ್ಬರು ಕೋರ್ಟಿಗೆ ಹೋದರು. ಯೋಜನೆಯ ಉಲ್ಲಂಘನೆಯಾಗಿದೆ ಎಂಬುದನ್ನು ಹೈಕೋರ್ಟು ಒಪ್ಪಿತು. ಆದರೆ ಮಾಲೀಕರು ಈಗಾಗಲೇ ದೊಡ್ಡ ಮೊತ್ತ ಸುರಿದಿದ್ದಾರೆ, ಆದ್ದರಿಂದ ಮಧ್ಯಪ್ರವೇಶಿಸುವುದಿಲ್ಲ ಎಂದಿತು. 1974ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಹಣ ಖರ್ಚಾಗಿದೆ ಎಂಬ ಕಾರಣಕ್ಕೆ ಕಾನೂನುಬಾಹಿರವಾದದ್ದು ಕಾನೂನುಬದ್ಧವಾಗುವುದಿಲ್ಲ. ಯೋಜನೆ ಇರುವುದು ಆ ಪ್ರದೇಶದ ನಿವಾಸಿಗಳ ಒಳಿತಿಗಾಗಿ. ವಸತಿ ಪ್ರದೇಶ ಹಾಳಾಗದಂತೆ ನೋಡಿಕೊಳ್ಳುವುದು ಪುರಸಭೆಯ ಕರ್ತವ್ಯ. ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಬರೆದ ತೀರ್ಪಿನ ಸಾರ ಇಷ್ಟು.

ಐವತ್ತು ವರ್ಷ ಹಳೆಯ ಈ ತೀರ್ಪು ಇಂದಿಗೂ ಜೀವಂತವಾಗಿದೆ. ನೋಯ್ಡಾದಲ್ಲಿ ನಿವಾಸಿಗಳಿಗೆ ಉದ್ಯಾನವೆಂದು ತೋರಿಸಿದ್ದ ಜಾಗದಲ್ಲಿ ಎದ್ದು ನಿಂತಿದ್ದ ಅವಳಿ ಗೋಪುರಗಳನ್ನು ಕೆಡವಬೇಕೆಂದು 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ, ಆಧಾರವಾಗಿ ಎತ್ತಿಕೊಂಡ ತೀರ್ಪುಗಳಲ್ಲಿ ಉಡುಪಿಯದೂ ಒಂದು. ಮರುವರ್ಷ ಆ ಗೋಪುರಗಳು ಕೆಲವೇ ಕ್ಷಣಗಳಲ್ಲಿ ದೂಳಾಗಿ ಕುಸಿದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅದರ ಹಿಂದೆ ನಮ್ಮ ಕರಾವಳಿಯ ಊರಿನ ಒಬ್ಬ ನಿವಾಸಿಯ ಹಟವೂ ಇತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಮಾಸ್ಟರ್ ಪ್ಲಾನ್, ಝೋನಿಂಗ್, ಭೂ ಉಪಯೋಗ ಎಂಬ ಮಾತು ಬಂದರೆ ಅದು ಎಂಜಿನಿಯರುಗಳಿಗೂ ಬಿಲ್ಡರುಗಳಿಗೂ ಬಿಟ್ಟ ವಿಷಯ ಎಂದು ನಾವು ಪುಟ ತಿರುಗಿಸುತ್ತೇವೆ. ಆದರೆ ಮನೆ ಮುಂದಿನ ರಸ್ತೆ ಎಷ್ಟು ಅಗಲ, ಪಕ್ಕದ ಸೈಟಿನಲ್ಲಿ ಪಬ್ ಬರಬಹುದೇ, ಮೂಲೆಯ ಖಾಲಿ ಜಾಗ ಪಾರ್ಕಾಗಿ ಉಳಿಯುತ್ತದೆಯೇ, ಕೊಂಡ ಮನೆಗೆ ಕರೆಂಟು ಸಿಗುತ್ತದೆಯೇ ಎಂಬುದೆಲ್ಲ ತೀರ್ಮಾನವಾಗುವುದು ಆ ಬಣ್ಣದ ನಕ್ಷೆಯಲ್ಲೇ. ಆ ನಕ್ಷೆ ಸರ್ಕಾರ ನಿವಾಸಿಗಳಿಗೆ ಕೊಟ್ಟ ಮಾತು. ಕರ್ನಾಟಕದಲ್ಲಿ ಈ ಮಾತು ಕಾಸಿದ್ದವರಿಗೆ ಸಡಿಲವಾಗಿಯೂ ಇಲ್ಲದವರಿಗೆ ಬಿಗಿಯಾಗಿಯೂ ನಡೆದು ಬಂದಿದೆ ಎಂಬುದು ನನ್ನ ದೂರು.

ನಮ್ಮಲ್ಲಿ ಈ ನಕ್ಷೆಗೆ ಬುಡ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಪ್ರತಿ ಯೋಜನಾ ಪ್ರದೇಶಕ್ಕೂ ಒಂದು ಮಹಾ ಯೋಜನೆ ಇರಬೇಕು, ಅದರಲ್ಲಿ ಯಾವ ಜಮೀನು ಯಾವುದಕ್ಕೆ ಎಂದು ಗುರುತಿಸಬೇಕು ಎನ್ನುತ್ತದೆ ಅದು. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆಗಳಂಥ ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನಕ್ಕೂ ಬೇಸಾಯಕ್ಕೂ ಹಸಿರು. ನಕ್ಷೆಯ ಈ ಬಣ್ಣಗಳನ್ನು ಜನಸಾಮಾನ್ಯರಿಗಿಂತ ಮೊದಲು ಕಲಿತವರು ದಲ್ಲಾಳಿಗಳು. ನೆಲಮಂಗಲದ ಕಡೆಯೋ ಹೊಸಕೋಟೆಯ ಕಡೆಯೋ ಸೈಟು ನೋಡಲು ಹೋದವರಿಗೆ ಮೊದಲು ಕೇಳುವ ಮಾತೇ ‘ಯೆಲ್ಲೋ ಝೋನ್ ಸಾರ್, ಡಿ.ಸಿ. ಕನ್ವರ್ಷನ್ ಆಗಿದೆ’.

ನಕ್ಷೆಯ ಮೇಲೆ ಎಳೆದ ಒಂದು ಗೆರೆಯ ಈಚೆ ಹಳದಿ, ಆಚೆ ಹಸಿರು. ಎರಡೂ ಕಡೆ ಮಣ್ಣು ಒಂದೇ, ಅಂತರ್ಜಲ ಒಂದೇ, ನಿನ್ನೆಯವರೆಗೆ ಎರಡು ಕಡೆಯೂ ಬೆಳೆದದ್ದು ರಾಗಿಯೇ. ಗೆರೆ ಬಿದ್ದ ಮರುದಿನ ಈಚೆಯ ಎಕರೆ ಚದರಡಿಗಳ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಆಚೆಯದು ಗುಂಟೆ ಲೆಕ್ಕದಲ್ಲೇ ಉಳಿಯುತ್ತದೆ. ಬೆವರಿನಿಂದಾಗಲಿ ಬಂಡವಾಳದಿಂದಾಗಲಿ ಹುಟ್ಟದ ಈ ಸಂಪತ್ತು ಸರ್ಕಾರಿ ಕಚೇರಿಯ ಮೇಜಿನ ಮೇಲೆ ಹುಟ್ಟುತ್ತದೆ. ಗೆರೆ ಎಲ್ಲಿ ಬೀಳಲಿದೆ ಎಂದು ಮುಂಚೆ ತಿಳಿದವರು ಮುಂಚೆ ಕೊಳ್ಳುತ್ತಾರೆ. ತಿಳಿಯದ ರೈತ ಮಗಳ ಮದುವೆಗೆಂದು ಮಾರಿದ ಜಮೀನು ಎರಡೇ ವರ್ಷದಲ್ಲಿ ಹಲವು ಪಟ್ಟು ಬೆಲೆಗೆ ಹೋಯಿತು ಎಂಬ ಕಥೆಯನ್ನು ಬೆಂಗಳೂರಿನ ಸುತ್ತ ಯಾವ ಊರಿಗೆ ಹೋದರೂ ಕೇಳಬಹುದು. ನಾನು ಹೋದ ಊರುಗಳಲ್ಲೆಲ್ಲ ಕೇಳಿದ್ದೇನೆ. ಪ್ರತಿ ಸಲವೂ ಹೇಳುವವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ‘ನಮಗೆ ಯಾರೂ ಹೇಳಲಿಲ್ಲ’ ಎಂಬ ನೋವಿತ್ತು.

ಹಳದಿಯ ಒಳಗೆ ಬಂದವರ ಕಥೆಯೂ ಸುಖದ್ದೇನಲ್ಲ. ಬೆಂಗಳೂರಿನ ಈಗಿನ ಮಹಾ ಯೋಜನೆ, ‘ಆರ್‌ಎಂಪಿ 2015’ ಎಂದು ಕರೆಯುವುದು, ಒಪ್ಪಿಗೆ ಪಡೆದದ್ದು 2007ರಲ್ಲಿ. ಅದೇ ವರ್ಷ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ರಚಿಸಿದರು. ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆಯ ಆಸುಪಾಸಿನ ಹೊಲಗಳ ಮೇಲೆ ಅಪಾರ್ಟ್‌ಮೆಂಟುಗಳು ಎದ್ದವು. ನಕ್ಷೆಯ ಪ್ರಕಾರ ಕಟ್ಟಲು ಅನುಮತಿ ಇತ್ತು. ನೀರಿನ ಕೊಳವೆ ಇರಲಿಲ್ಲ, ಒಳಚರಂಡಿ ಇರಲಿಲ್ಲ, ರಸ್ತೆ ಎತ್ತಿನಗಾಡಿ ಓಡಾಡುತ್ತಿದ್ದ ಅಗಲದ್ದೇ. ಆ 110 ಹಳ್ಳಿಗಳಿಗೆಂದೇ ರೂಪಿಸಿದ ದಿನಕ್ಕೆ 77.5 ಕೋಟಿ ಲೀಟರ್‌ನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಂದರೆ ಹಳದಿ ಬಂದು ಹದಿನೇಳು ವರ್ಷದ ಮೇಲೆ ನೀರು ಬಂತು. ನಡುವಿನ ಕಾಲವನ್ನು ಅಲ್ಲಿನವರು ಬೋರ್‌ವೆಲ್ಲಿನ ಮೇಲೆ, ಅದು ಬತ್ತಿದಾಗ ಟ್ಯಾಂಕರಿನ ಮೇಲೆ ಕಳೆದರು. ಮಕ್ಕಳು ಹುಟ್ಟಿ, ಶಾಲೆ ಮುಗಿಸುವಷ್ಟು ದೀರ್ಘ ಕಾಲ ಅದು.

ಭೂ ಉಪಯೋಗದ ನಕ್ಷೆಯನ್ನು ನೀರಿನ ನಕ್ಷೆಗೂ ಚರಂಡಿಯ ನಕ್ಷೆಗೂ ಬಸ್ಸಿನ ಮಾರ್ಗಕ್ಕೂ ಕಟ್ಟಿಹಾಕದೆ ಹೋದದ್ದು ಬೆಂಗಳೂರಿನ ಯೋಜನೆಯ ಮೂಲ ರೋಗ ಎಂದು ನಾನು ನಂಬಿದ್ದೇನೆ. ಬಣ್ಣ ಬಳಿಯುವುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ನೀರು ಕೊಡುವುದು ಜಲಮಂಡಳಿ, ರಸ್ತೆ ಪಾಲಿಕೆಯದು, ಬಸ್ಸು ಬಿಎಂಟಿಸಿಯದು. ಒಬ್ಬರು ಬಾಗಿಲು ತೆರೆದರೆ ಇನ್ನೊಬ್ಬರು ಒಳಗೆ ದೀಪ ಹಚ್ಚಬೇಕೆಂಬ ಕಟ್ಟುಪಾಡು ಇಲ್ಲ.

ಇನ್ನು ಹಳೆಯ ಬಡಾವಣೆಗಳಿಗೆ ಬರೋಣ. ಇಂದಿರಾನಗರದ 100 ಅಡಿ ರಸ್ತೆ, 12ನೇ ಮೇನ್, ಕೋರಮಂಗಲದ 5ನೇ ಬ್ಲಾಕ್. ಇಲ್ಲಿ ದಶಕಗಳ ಹಿಂದೆ ಮನೆ ಕಟ್ಟಿಕೊಂಡವರು ಕೊಂಡದ್ದು ವಸತಿ ನಿವೇಶನ. ಇವತ್ತು ಅವರ ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡಂತೆ ಜನರೇಟರ್ ಇದೆ, ಗೇಟಿನ ಮುಂದೆ ಯಾರದೋ ಕಾರಿದೆ, ಶನಿವಾರ ರಾತ್ರಿ ಒಂದರವರೆಗೆ ಡ್ರಮ್ಸ್ ಇದೆ. ವಲಯ ಬದಲಾದರೆ ಸದ್ದಿನ ಕಾನೂನೂ ಬದಲಾಗುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ನಕ್ಷೆಯಲ್ಲಿ ನಿಮ್ಮ ಬೀದಿ ನೀಲಿಯಾದ ದಿನ ನಿಮ್ಮ ನಿದ್ದೆಗಿದ್ದ ಕಾನೂನಿನ ಕಾವಲು ಹತ್ತು ಡೆಸಿಬೆಲ್ ಹಿಂದೆ ಸರಿಯುತ್ತದೆ.

ಹಾಗೆಂದು ವಾಸ ಬೇರೆ, ವ್ಯಾಪಾರ ಬೇರೆ ಎಂದು ಕತ್ತಿಯಿಂದ ಕೊಯ್ದಂತೆ ಬೇರ್ಪಡಿಸಬೇಕು ಎನ್ನುವವರ ಜತೆಗೆ ನಾನಿಲ್ಲ. ಬೆಂಗಳೂರು ಹುಟ್ಟಿದ್ದೇ ಪೇಟೆಯಲ್ಲಿ. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ಕೆಳಗೆ ಅಂಗಡಿ, ಮೇಲೆ ಮನೆ, ಹಿತ್ತಲಲ್ಲಿ ಕಸುಬು. ಕಬ್ಬನ್‌ಪೇಟೆಯ ಮನೆಗಳಲ್ಲಿ ಮಗ್ಗದ ಸದ್ದಿನ ನಡುವೆಯೇ ಮಕ್ಕಳು ಓದಿಕೊಂಡರು. 1898ರ ಪ್ಲೇಗು ಆ ಇಕ್ಕಟ್ಟಿನ ಅಪಾಯವನ್ನು ತೋರಿಸಿತು, ಮಲ್ಲೇಶ್ವರ ಬಸವನಗುಡಿಗಳು ಅಗಲ ರಸ್ತೆ, ಹಿಂಭಾಗದ ಕನ್ಸರ್ವೆನ್ಸಿ ಗಲ್ಲಿಗಳೊಂದಿಗೆ ಹುಟ್ಟಿದವು. ಅಲ್ಲಿಯೂ ಮಾರ್ಕೆಟ್ ರಸ್ತೆ ಇತ್ತು, ಗುಡಿಯ ಸುತ್ತ ಹೂವಿನವರಿದ್ದರು. ಜಯನಗರ ಮಾಡಿದವರು 4ನೇ ಬ್ಲಾಕಿನಲ್ಲಿ ವ್ಯಾಪಾರಕ್ಕೆ ಜಾಗವಿಟ್ಟರು. ಬೇರೆ ಬ್ಲಾಕುಗಳ ಒಳರಸ್ತೆಗಳು ಬಹುಕಾಲ ತಣ್ಣಗಿದ್ದದ್ದಕ್ಕೆ ಅದೂ ಒಂದು ಕಾರಣ. ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿ, ಗಿರಣಿ, ದರ್ಜಿ, ಇಸ್ತ್ರಿಯವರು, ಮನೆಯ ಮುಂಗೋಣೆಯಲ್ಲಿ ಡಾಕ್ಟರು, ಮಹಡಿ ಮೇಲೆ ಸಂಗೀತದ ಪಾಠ, ಇವೆಲ್ಲ ಇಲ್ಲದ ಬಡಾವಣೆಯಲ್ಲಿ ವಯಸ್ಸಾದವರು ಬದುಕುವುದು ಕಷ್ಟ. ಈಗಿನ ಮಹಾ ಯೋಜನೆಯೂ ವಸತಿ ಪ್ರದೇಶಗಳಲ್ಲಿ ಸಣ್ಣ ಪ್ರಮಾಣದ ಪೂರಕ ಬಳಕೆಗೆ ಅವಕಾಶ ಕೊಟ್ಟಿದೆ, ಕೊಟ್ಟದ್ದು ಸರಿಯೇ.

ತಕರಾರು ಇರುವುದು ಅಳತೆಯ ಬಗ್ಗೆ. ನಾಲ್ಕು ಜನರ ಕುಟುಂಬಕ್ಕೆಂದು ಹಾಕಿದ ಚರಂಡಿ ಕೊಳವೆಗೆ ಇನ್ನೂರು ಜನ ಕೂತು ಉಣ್ಣುವ ಹೋಟೆಲನ್ನೋ ಎಂಬತ್ತು ಹಾಸಿಗೆಯ ಪೀಜಿಯನ್ನೋ ಜೋಡಿಸಿದರೆ ಮ್ಯಾನ್‌ಹೋಲು ಉಕ್ಕುವುದು ಎದುರು ಮನೆಯ ಮುಂದೆ. ಇಂಥದ್ದಕ್ಕೆ ಟ್ರೇಡ್ ಲೈಸೆನ್ಸ್ ಕೊಡುವಾಗ ವಲಯ ನೋಡಬೇಕಾದವರು ನೋಡುವುದಿಲ್ಲ. ವಿದ್ಯುತ್ ಕಂಪನಿ ವಾಣಿಜ್ಯ ಮೀಟರು ಕೊಡುತ್ತದೆ, ಪಾಲಿಕೆ ವಾಣಿಜ್ಯ ದರದ ಆಸ್ತಿ ತೆರಿಗೆ ಕಟ್ಟಿಸಿಕೊಳ್ಳುತ್ತದೆ. ಅದೇ ಪಾಲಿಕೆಗೆ ನಿವಾಸಿಗಳು ದೂರು ಕೊಟ್ಟರೆ ‘ಪರಿಶೀಲಿಸುತ್ತೇವೆ’ ಎಂಬ ಉತ್ತರ. ತೆರಿಗೆ ವಸೂಲಿಗೆ ಕಂಡ ಅಂಗಡಿ ನಿಯಮ ಜಾರಿಗೆ ಕಾಣದೆ ಹೋಗುವುದು ಹೇಗೆ? ಕೊನೆಗೆ ಹಳಬರು ಒಬ್ಬೊಬ್ಬರಾಗಿ ಮನೆ ಮಾರಿ ಮಕ್ಕಳಿರುವ ಕಡೆಗೋ ಊರಾಚೆಯ ಅಪಾರ್ಟ್‌ಮೆಂಟಿಗೋ ಹೋಗುತ್ತಾರೆ. ಅವರ ಮನೆ ಇನ್ನೊಂದು ಹೋಟೆಲಾಗುತ್ತದೆ. ಆಮೇಲೆ ‘ಈ ರಸ್ತೆ ಹೇಗೂ ವಾಣಿಜ್ಯವಾಗಿಬಿಟ್ಟಿದೆ’ ಎಂಬುದೇ ಬಣ್ಣ ಬದಲಿಸಲು ಕಾರಣವಾಗುತ್ತದೆ. ಉಲ್ಲಂಘನೆಯೇ ಮುಂದಿನ ನಿಯಮಕ್ಕೆ ಸಾಕ್ಷಿಯಾಗುವ ಈ ಸುತ್ತನ್ನು ಉಡುಪಿಯ ತೀರ್ಪು ಬಂದ ಮೇಲೂ ನಾವು ಮುರಿಯಲಾಗಿಲ್ಲ.

ಮುರಿದ ಉದಾಹರಣೆ ಒಂದಿದೆ, ಅದನ್ನು ಪ್ರತಿ ನಿವಾಸಿ ಸಂಘವೂ ನೆನಪಿಟ್ಟುಕೊಳ್ಳಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು 1970ರ ದಶಕದಲ್ಲಿ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ಆದೇಶ ಬಂದದ್ದು ಮುಖ್ಯಮಂತ್ರಿಯ ಮಟ್ಟದಿಂದ. ಆಸ್ಪತ್ರೆ ಒಳ್ಳೆಯದಲ್ಲವೇ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಬಡಾವಣೆಯವರು ಅದನ್ನು ಒಪ್ಪದೆ ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಗೆಲುವನ್ನು ಎತ್ತಿಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಈ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ್ದು: ಪಾರ್ಕು ಎಲ್ಲರದು, ಖಾಸಗಿ ಆಸ್ಪತ್ರೆ ದುಡ್ಡು ಕೊಡಬಲ್ಲವರದು, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಯೋಜನೆಯನ್ನು ಬದಲಿಸುವ ಅಧಿಕಾರ ಕಾನೂನು ಯಾರಿಗೆ ಕೊಟ್ಟಿದೆಯೋ ಅವರೇ ಯೋಚಿಸಿ ಬದಲಿಸಬೇಕು, ಮೇಲಿನವರ ಅಪ್ಪಣೆಗೆ ತಲೆಬಾಗಿ ಅಲ್ಲ. ಕೋರ್ಟಿಗೆ ಬರಲು ಆ ಬಡಾವಣೆಯ ನಿವಾಸಿಗಳಿಗೆ ಪೂರ್ಣ ಹಕ್ಕಿದೆ. ಇಂದು ಸಾರ್ವಜನಿಕ ಉದ್ಯಾನ, ಆಟದ ಮೈದಾನಗಳನ್ನು ಬಿಡಿಎ ಮಾರುವಂತಿಲ್ಲ, ಮಾರಿದರೆ ಅದು ಅನೂರ್ಜಿತ ಎಂದು ಬಿಡಿಎ ಕಾಯ್ದೆಯ 38-ಎ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಒಂದೊಂದೇ ಸರ್ವೆ ನಂಬರಿನ ಬಣ್ಣ ಬದಲಿಸಲು ಬಾಗಿಲೊಂದು ತೆರೆದೇ ಇದೆ. 1961ರ ಕಾಯ್ದೆಯ 14-ಎ ಕಲಮು. ಸರ್ಕಾರದ ಪೂರ್ವಾನುಮತಿ ಪಡೆದು ಪ್ರಾಧಿಕಾರ ಭೂ ಉಪಯೋಗ ಬದಲಿಸಬಹುದು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕನಿಷ್ಠ ಹದಿನೈದು ದಿನ ಕಾಲಾವಕಾಶ ಕೊಡಬೇಕು. ಈ ಪ್ರಕಟಣೆಗಳನ್ನು ನೀವು ನೋಡಿರುತ್ತೀರಿ: ಒಳಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ, ಸರ್ವೆ ನಂಬರು, ಹಳ್ಳಿ, ಹೋಬಳಿ, ಎಕರೆ-ಗುಂಟೆ. ಸರ್ವೆ ನಂಬರಿನ ಲೆಕ್ಕದಲ್ಲಿ ಪಕ್ಕದ ಜಾಗವನ್ನು ಗುರುತಿಸಬಲ್ಲ ನಗರವಾಸಿಗಳು ಎಷ್ಟು ಜನ? ‘ನಿಮ್ಮ ಅಡ್ಡರಸ್ತೆಯ ಕೊನೆಯಲ್ಲಿರುವ ಮಾವಿನ ತೋಟದಲ್ಲಿ ಹದಿನೆಂಟು ಮಹಡಿ ಬರಲಿದೆ’ ಎಂದು ಆ ಜಾಗದ ಬೇಲಿಗೇ ಕನ್ನಡದಲ್ಲಿ ಒಂದು ದೊಡ್ಡ ಫಲಕ ಕಟ್ಟಬೇಕೆಂಬ ನಿಯಮ ಬಂದರೆ ಅಕ್ಕಪಕ್ಕದವರಿಗೆ ಹೊತ್ತಿಗೆ ಮುಂಚೆ ವಿಷಯ ತಿಳಿಯುತ್ತದೆ. ಅದಕ್ಕೆ ಖರ್ಚು ಹೆಚ್ಚೇನಿಲ್ಲ.

ನಕ್ಷೆಯ ಹಸಿರಿನ ಬಗ್ಗೆಯೂ ಒಂದು ಮಾತು. ಮಹಾ ಯೋಜನೆಯಲ್ಲಿ ಉದ್ಯಾನವೆಂದು ಬಣ್ಣ ಬಳಿದ ಎಷ್ಟೋ ಜಾಗ ಖಾಸಗಿಯವರದು. ಅದನ್ನು ಕೊಂಡುಕೊಳ್ಳಲು ಪ್ರಾಧಿಕಾರ ಹಣ ತೆಗೆದಿಡುವುದಿಲ್ಲ. ಕಾಯ್ದೆಯ ಪ್ರಕಾರ ಐದು ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳದಿದ್ದರೆ ಆ ಮೀಸಲು ಬಿದ್ದುಹೋಗುತ್ತದೆ. ಹೀಗಾಗಿ ಐದು ವರ್ಷ ಮಾಲೀಕ ತನ್ನ ಜಮೀನನ್ನು ಬಳಸಲಾಗದೆ ಒದ್ದಾಡುತ್ತಾನೆ, ಆರನೇ ವರ್ಷ ಬಡಾವಣೆಯವರು ಬಾರದ ಪಾರ್ಕನ್ನು ಕಳೆದುಕೊಳ್ಳುತ್ತಾರೆ.

ಒದ್ದಾಟವೆಂದರೆ ಬೆಂಗಳೂರಿನ ಹೊರವಲಯದಲ್ಲಿ ಬರಬೇಕಿದ್ದ ಪೆರಿಫೆರಲ್ ರಿಂಗ್ ರಸ್ತೆಯ ರೈತರದು. ಪ್ರಾಥಮಿಕ ಅಧಿಸೂಚನೆ 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ಆಮೇಲೆ ಸರ್ಕಾರಗಳು ಬಂದವು, ಹೋದವು. ರಸ್ತೆಯ ಉದ್ದ ಬದಲಾಯಿತು, ಹೆಸರೂ ಬದಲಾಗಿ ಬಿಸಿನೆಸ್ ಕಾರಿಡಾರ್ ಆಯಿತು. ಇಪ್ಪತ್ತು ವರ್ಷದಲ್ಲಿ ಆ ಹೊಲಗಳ ಮೇಲೆ ರಸ್ತೆ ಬರಲಿಲ್ಲ, ಬರುವುದಿಲ್ಲ ಎಂದು ಸರ್ಕಾರ ಹೇಳಲೂ ಇಲ್ಲ. ನೋಟಿಫಿಕೇಷನ್ ಬಿದ್ದ ಜಮೀನನ್ನು ಒಳ್ಳೆ ಬೆಲೆಗೆ ಕೊಳ್ಳುವವರಿಲ್ಲ, ಅದರ ಮೇಲೆ ಸಾಲ ಕೊಡಲು ಬ್ಯಾಂಕು ಹಿಂಜರಿಯುತ್ತದೆ, ಮನೆ ಕಟ್ಟಲು ಅನುಮತಿ ಸಿಗುವುದಿಲ್ಲ. ಅಣ್ಣತಮ್ಮಂದಿರ ಪಾಲು ಬಗೆಹರಿಯುವುದಿಲ್ಲ. ಪಹಣಿಯಲ್ಲಿ ಹೆಸರಿದೆ, ಜಮೀನಿನ ಮೇಲೆ ಹಿಡಿತವಿಲ್ಲ. ಒಂದು ತಲೆಮಾರು ಹೀಗೇ ಕಳೆಯಿತು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ಈ ಗತಿಯನ್ನು ಕಂಡೇ ಎಚ್ಚೆತ್ತಿರಬೇಕು. 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಗುರುತಿಸಿದಾಗ, ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ನೆಲ ನಮಗೆ ಬೇಕು ಎಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ತಮ್ಮ ನೆಲ ಏನಾಗಬೇಕು ಎಂಬ ಪ್ರಶ್ನೆಯನ್ನು ಅಲ್ಲಿ ಬದುಕುವವರಿಗೆ ಮೊದಲೇ ಕೇಳಿದ್ದರೆ ಆ ಮೂರು ವರ್ಷದ ಬಿಸಿಲು ಮಳೆ ತಪ್ಪುತ್ತಿತ್ತು.

ಇನ್ನೊಂದು ದೊಡ್ಡ ಜನಸಮೂಹವಿದೆ. ಇವರ ಮನೆ ನಕ್ಷೆಯ ಲೆಕ್ಕಕ್ಕೇ ಸಿಗದ್ದು. ಕೃಷಿ ಭೂಮಿಯನ್ನು ಕನ್ವರ್ಷನ್ ಮಾಡಿಸದೆ, ಬಡಾವಣೆ ನಕ್ಷೆಗೆ ಒಪ್ಪಿಗೆ ಪಡೆಯದೆ ಕತ್ತರಿಸಿ ಮಾರಿದ ರೆವಿನ್ಯೂ ಸೈಟುಗಳವರು. ಅವರನ್ನು ಕಾನೂನು ಮುರಿದವರೆಂದು ಬೆರಳು ತೋರಿಸುವುದು ಸುಲಭ. ಬಿಡಿಎ ಸೈಟಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು, ಸಿಗದೆ, ಗಾರ್ಮೆಂಟ್ಸ್ ಕೆಲಸದಲ್ಲೋ ಆಟೊ ಓಡಿಸಿಯೋ ಕೂಡಿಟ್ಟ ಹಣದಲ್ಲಿ ಅವರು ಕೊಂಡದ್ದು ಕೈಗೆಟುಕಿದ ಒಂದೇ ವಸ್ತುವನ್ನು. ಬಡಾವಣೆ ಕತ್ತರಿಸಿದವರು ಲಾಭ ಎಣಿಸಿಕೊಂಡು ಹೋದರು, ಉಪನೋಂದಣಾಧಿಕಾರಿ ಕಚೇರಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡು ನೋಂದಣಿ ಮಾಡಿತು, ಪಾಲಿಕೆ ‘ಬಿ’ ವಹಿಯಲ್ಲಿ ಬರೆದುಕೊಂಡು ತೆರಿಗೆ ವಸೂಲು ಮಾಡಿತು. ದೋಷದ ಭಾರ ಮಾತ್ರ ಕೊನೆಗೆ ಕೊಂಡವರ ಹೆಗಲಿಗೆ ಬಿತ್ತು: ಬಿ ಖಾತೆಗೆ ಸಾಲ ಸಿಗುವುದು ಕಷ್ಟ, ಪ್ಲಾನ್ ಮಂಜೂರಾತಿ ಇಲ್ಲ.

ಅವರಿಗೆ ತೋರಿಸಿದ ಆಸೆಯ ಹೆಸರು ಅಕ್ರಮ-ಸಕ್ರಮ. 2007ರಲ್ಲಿ ಕಾಯ್ದೆಗೆ ತಿದ್ದುಪಡಿ, 2014ರಲ್ಲಿ ನಿಯಮ, 2016ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಒಪ್ಪಿಗೆ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ. ವಸತಿ ಕಟ್ಟಡದಲ್ಲಿ ಶೇ 50ರವರೆಗಿನ, ವಸತಿಯೇತರ ಕಟ್ಟಡದಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಕ್ಷಮಿಸುವ ಯೋಜನೆ ಅದು. ಅದರ ದೊಡ್ಡ ದೋಷವೆಂದರೆ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಡದೆ ಕಟ್ಟಿದ ಬಡವನನ್ನೂ ಲಾಭಕ್ಕಾಗಿ ಮಹಡಿ ಏರಿಸಿದ ಕಾಂಪ್ಲೆಕ್ಸಿನ ಒಡೆಯನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು. ಮೊದಲನೆಯವನಿಗೆ ಸೂರು ಭದ್ರವಾಗಬೇಕು, ಎರಡನೆಯವನಿಗೆ ಕಾನೂನು ತಟ್ಟಬೇಕು. ಇಬ್ಬರನ್ನೂ ಬೇರೆ ಮಾಡಿ ನೋಡುವ ಕಾನೂನು ಬಂದಿದ್ದರೆ ಅದಕ್ಕೆ ಇಷ್ಟು ವಿರೋಧ ಹುಟ್ಟುತ್ತಿರಲಿಲ್ಲ.

ಈ ವಿಂಗಡಣೆ ಮಾಡದಿದ್ದರೆ ಏನಾಗುತ್ತದೆ ಎಂಬುದು ಮೊನ್ನೆ ಮೊನ್ನೆ ಗೊತ್ತಾಯಿತು. ಉತ್ತರಪ್ರದೇಶದ ಮೀರತ್‌ನಲ್ಲಿ ವಸತಿ ನಿವೇಶನದ ಮೇಲೆ ಅಂಗಡಿಗಳನ್ನು ಕಟ್ಟಿದ್ದರು. ಅವನ್ನು ಕೆಡವಬೇಕೆಂದು 2024ರ ಡಿಸೆಂಬರ್ 17ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಇಡೀ ದೇಶಕ್ಕೆ ನಿರ್ದೇಶನ ನೀಡಿತು. ನ್ಯಾಯಾಲಯದ ಉದ್ದೇಶ ಸರಿಯಿತ್ತು. ಆದರೆ ಕರ್ನಾಟಕದಲ್ಲಿ ಆ ಪತ್ರ ಇರುವ ಮನೆಗಳೇ ವಿರಳ. 2025ರಲ್ಲಿ ಸಾಲ ಮಾಡಿ ಮನೆ ಕಟ್ಟಿ ಗೃಹಪ್ರವೇಶಕ್ಕೆ ದಿನ ನೋಡಿಕೊಂಡವರು ಕರೆಂಟಿಲ್ಲದೆ ಬೆಸ್ಕಾಂ ಕಚೇರಿಗಳ ಬಾಗಿಲಲ್ಲಿ ನಿಂತರು. 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟು ಸರ್ಕಾರ ಕೊನೆಗೆ ದಾರಿ ಮಾಡಬೇಕಾಯಿತು. ಬಿ ಖಾತೆಯನ್ನು ಎ ಖಾತೆ ಮಾಡಿಕೊಡುವ ಪ್ರಯತ್ನವೂ ಅದೇ ವರ್ಷ ಶುರುವಾಯಿತು.

ಅನುಮತಿ ಇದ್ದೂ ಮನೆ ಕಳೆದುಕೊಂಡವರಿದ್ದಾರೆ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿಯೆಂದು ಮಧ್ಯಮ ವರ್ಗದವರ ಮನೆಗಳ ಮೇಲೆ ಜೆಸಿಬಿ ಹರಿಯಿತು. ಮಂಜೂರಾದ ನಕ್ಷೆ, ತೆರಿಗೆ ರಸೀದಿ, ಬ್ಯಾಂಕಿನ ಸಾಲದ ಕಾಗದ ಹಿಡಿದು ಜನ ಅತ್ತರು. ಹಳೆಯ ಗ್ರಾಮನಕ್ಷೆಯಲ್ಲಿ ಕಾಲುವೆ ಇದ್ದ ಜಾಗ ಮಹಾ ಯೋಜನೆಯಲ್ಲಿ ಕಾಣದಿದ್ದರೆ, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡದೆ ಅನುಮತಿ ಕೊಟ್ಟವರ ಹೊಣೆ ಏನು? ಕೆರೆಗಳ ಮೀಸಲು ಅಂಚಿನದೂ ಇದೇ ಪಾಡು. 2007ರ ಯೋಜನೆಯಲ್ಲಿ 30 ಮೀಟರ್, 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು 75 ಮೀಟರ್, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಮತ್ತೆ ಹಳೆಯದಕ್ಕೆ. ಮಳೆನೀರಿಗೆ ಈ ಆದೇಶಗಳು ತಿಳಿಯುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರತಂದಾಗ ನೀರು ತನ್ನ ಹಳೆಯ ದಾರಿಯಲ್ಲೇ ಹರಿದಿತ್ತು.

ಬೆಂಗಳೂರಿನ ಅಚ್ಚನ್ನು ಇಡೀ ರಾಜ್ಯದ ಮೇಲೆ ಒತ್ತುವುದರಿಂದ ಆಗುವ ಕಷ್ಟ ಬೇರೆಯೇ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮನೆಗಳು ಬೀದಿಯ ಸಾಲಿನಲ್ಲಿ ಇರುವುದಿಲ್ಲ. ತೋಟದ ನಡುವೆ ಒಂದು ಮನೆ, ಗದ್ದೆಯ ಆಚೆ ಇನ್ನೊಂದು, ನಡುವೆ ಕಾಲುದಾರಿ. ಅಪ್ಪನ ಜಾಗದಲ್ಲಿ ಐದು ಸೆಂಟ್ಸ್ ಪಾಲು ಪಡೆದು ಮನೆ ಕಟ್ಟಬೇಕೆನ್ನುವ ಮಗನಿಗೆ ‘ನೈನ್ ಇಲೆವೆನ್’ ಬೇಕು. ನಮೂನೆ 9 ಮತ್ತು 11ಕ್ಕೆ ಅಲ್ಲಿನವರು ಇಟ್ಟ ಹೆಸರು ಅದು. ಅದಕ್ಕೆ ಮೊದಲು ಏಕ ನಿವೇಶನ ವಿನ್ಯಾಸಕ್ಕೆ ಒಪ್ಪಿಗೆ ಬೇಕು, ಅದಕ್ಕೆ ಇಷ್ಟು ಅಗಲದ ರಸ್ತೆ ತೋರಿಸಬೇಕು. ಗುಡ್ಡದ ಬದಿಯ ಮನೆಗೆ ಬಡಾವಣೆಯ ರಸ್ತೆ ಎಲ್ಲಿಂದ ಬರಬೇಕು? ಒಪ್ಪಿಗೆ ಕೊಡುವ ಅಧಿಕಾರ ಪಂಚಾಯತಿಗೋ ಯೋಜನಾ ಪ್ರಾಧಿಕಾರಕ್ಕೋ ಎಂಬುದೇ ಹೊಯ್ದಾಡಿದೆ. ಊರಿನ ಪಂಚಾಯತಿಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ಮಂಗಳೂರಿಗೋ ಮಣಿಪಾಲಕ್ಕೋ ಬಸ್ಸು ಹತ್ತಬೇಕಾಗುತ್ತದೆ. ಚದುರಿದ ವಸತಿಯ ನಾಡಿಗೆ ಅದರದೇ ಆದ ವಲಯ ನಿಯಮ ಬರೆಯಲು ಕಾಯ್ದೆಯಲ್ಲಿ ಅಡ್ಡಿಯೇನೂ ಇಲ್ಲ.

ಈಗ ಬೆಂಗಳೂರಿನ ಸ್ಥಿತಿ ನೋಡಿ. 2015ರವರೆಗೆಂದು ಬರೆದ ಯೋಜನೆಯೇ ಇನ್ನೂ ನಡೆಯುತ್ತಿದೆ. 2031ರವರೆಗಿನ ಕರಡು 2017ರ ನವೆಂಬರ್‌ನಲ್ಲಿ ಹೊರಬಂತು, ಆಕ್ಷೇಪಗಳ ರಾಶಿ ಬಿತ್ತು, 2020ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 2041ಕ್ಕೆಂದು ಹೊಸದನ್ನು ಬರೆಯುವ ಮಾತು ಶುರುವಾಯಿತು. ಸಂವಿಧಾನದ 74ನೇ ತಿದ್ದುಪಡಿಯಂತೆ ಇಂಥ ಯೋಜನೆ ಮಹಾನಗರ ಯೋಜನಾ ಸಮಿತಿಯ ಕೈಯಿಂದ ಬರಬೇಕು, ಅದರಲ್ಲಿ ಮೂರನೇ ಎರಡು ಭಾಗ ಚುನಾಯಿತರೇ ಇರಬೇಕು. ಇಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಬೀದಿಯ ಬಣ್ಣದ ಬಗ್ಗೆ ಕೇಳಬೇಕಾದರೆ ನಿವಾಸಿ ಯಾರ ಬಾಗಿಲು ತಟ್ಟಬೇಕು ಎಂಬುದು ಮೊದಲಿಗಿಂತ ಹೆಚ್ಚು ತೊಡಕಾಗಿದೆ.

ಹೊಸ ಕರಡು ಬಂದಾಗ ಆಕ್ಷೇಪಣೆಗೆ ಕಾನೂನು ಕೊಡುವುದು ಅರವತ್ತು ದಿನ. ಆ ಅರವತ್ತು ದಿನಕ್ಕೆ ಈಗಿನಿಂದಲೇ ಸಿದ್ಧತೆ ಬೇಕು. ಕರಡನ್ನು ಕನ್ನಡದಲ್ಲಿ, ವಾರ್ಡುವಾರು, ಅಡ್ಡರಸ್ತೆಯ ಹೆಸರು ಓದುವಂಥ ಅಳತೆಯಲ್ಲಿ ಪ್ರತಿ ವಾರ್ಡ್ ಕಚೇರಿಯಲ್ಲಿ ತೂಗುಹಾಕಬೇಕೆಂದು ಈಗಲೇ ಪಟ್ಟು ಹಿಡಿಯಬೇಕು. ಅದರ ಪಕ್ಕದಲ್ಲೇ ಕಂದಾಯ ಇಲಾಖೆಯ ಗ್ರಾಮನಕ್ಷೆ ಇರಬೇಕು, ಕೆರೆ, ಕಾಲುವೆ, ಖರಾಬು, ಗುಂಡುತೋಪುಗಳು ಹಾಗೆಯೇ ಕಾಣಬೇಕು. ಹಳದಿ ಬಳಿದ ಪ್ರತಿ ಹೊಸ ಪ್ರದೇಶದ ಎದುರು ನೀರು ಯಾವ ವರ್ಷ, ಒಳಚರಂಡಿ ಯಾವ ವರ್ಷ ಎಂದು ಬರೆದಿರಬೇಕು. ನಿವಾಸಿ ಸಂಘಗಳು ತಮ್ಮ ಗೇಟಿನ ಒಳಗಿನದನ್ನಷ್ಟೇ ನೋಡದೆ, ಪಕ್ಕದ ಕೊಳೆಗೇರಿಯ, ಬೀದಿ ವ್ಯಾಪಾರಿಗಳ, ಗೆರೆಯಾಚೆಯ ರೈತರ ಆಕ್ಷೇಪಣೆಯನ್ನೂ ಜತೆಗೂಡಿ ಬರೆದುಕೊಡಬೇಕು. ಅರ್ಜಿ ಬರೆಯಲು ಬಾರದವರೇ ಈ ನಕ್ಷೆಯಿಂದ ಹೆಚ್ಚು ಪೆಟ್ಟು ತಿನ್ನುವವರು. ಪ್ರತಿ ಆಕ್ಷೇಪಣೆಗೂ ಸ್ವೀಕೃತಿ ಪಡೆದು, ಅದನ್ನು ಒಪ್ಪಿದರೋ ತಳ್ಳಿದರೋ, ಯಾಕೆ ಎಂದು ಲಿಖಿತ ಉತ್ತರ ಕೇಳಬೇಕು. ಮುಂದೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದರೆ ಆ ಸ್ವೀಕೃತಿಯ ಹಾಳೆ ಕೈಯಲ್ಲಿರಬೇಕು.